ಸ್ವೀಡನ್ ಅವತ್ತು ದಾರಿ ಬಿಟ್ಟಿದ್ದರೆ? 1940ರ ಮಾರ್ಚ್ ಸುತ್ತ ಒಂದು ಚರ್ಚೆ

ನಕ್ಷೆಪ್ರಿಯ

ಎರಡನೇ ಮಹಾಯುದ್ಧದ ‘ಹೀಗಾಗಿದ್ದರೆ’ ಚರ್ಚೆ ಅಂದ ತಕ್ಷಣ ಎಲ್ಲರೂ ಮಾಸ್ಕೋ, ಸ್ಟಾಲಿನ್‌ಗ್ರಾಡ್, ಪರ್ಲ್ ಹಾರ್ಬರ್ ಸುತ್ತಲೇ ಗಿರಕಿ ಹೊಡೆಯುತ್ತಾರೆ. ನಾನು ಇವತ್ತು ಎತ್ತಿಕೊಳ್ಳುತ್ತಿರುವುದು 1940ರ ಫೆಬ್ರುವರಿ ಮತ್ತು ಮಾರ್ಚ್. ಆಗ ಬ್ರಿಟನ್ ಮತ್ತು ಫ್ರಾನ್ಸ್ ಜರ್ಮನಿಯ ಜೊತೆಗೆ ಸೋವಿಯತ್ ಒಕ್ಕೂಟದ ಮೇಲೂ ಯುದ್ಧಕ್ಕೆ ಇಳಿಯುವ ಅಂಚಿಗೆ ಬಂದಿದ್ದವು. ಅದಕ್ಕಾಗಿ ನಾರ್ವೆ, ಸ್ವೀಡನ್ ಎಂಬ ಎರಡು ತಟಸ್ಥ ದೇಶಗಳೊಳಗೆ ಸೈನ್ಯ ಇಳಿಸಲು ತಯಾರಿ ಮಾಡಿಕೊಂಡಿದ್ದವು.

ಹಿನ್ನೆಲೆ ಇಷ್ಟು. 1939ರ ಆಗಸ್ಟ್ 23ಕ್ಕೆ ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಒಪ್ಪಂದಕ್ಕೆ ಸಹಿ ಹಾಕಿದರು. ನವೆಂಬರ್ 30ಕ್ಕೆ ಸೋವಿಯತ್ ಸೇನೆ ಫಿನ್‌ಲ್ಯಾಂಡ್ ಮೇಲೆ ಬಿತ್ತು. ಡಿಸೆಂಬರ್ 14ಕ್ಕೆ ಲೀಗ್ ಆಫ್ ನೇಷನ್ಸ್ ಸೋವಿಯತ್ತನ್ನು ಹೊರಹಾಕಿತು, ಫಿನ್‌ಲ್ಯಾಂಡ್‌ಗೆ ಕೈಲಾದ ಸಹಾಯ ಮಾಡಿ ಎಂದು ಸದಸ್ಯ ದೇಶಗಳಿಗೆ ಹೇಳಿತು. ಫಿನ್‌ಲ್ಯಾಂಡ್ ಎಲ್ಲರ ನಿರೀಕ್ಷೆ ಮೀರಿ ಕಾದಾಡಿತು. 1940ರ ಫೆಬ್ರುವರಿ 5ರಂದು ಪ್ಯಾರಿಸ್‌ನಲ್ಲಿ ಬ್ರಿಟನ್-ಫ್ರಾನ್ಸ್‌ನ ಜಂಟಿ ಯುದ್ಧ ಮಂಡಳಿ ಸೇರಿ, ಫಿನ್‌ಲ್ಯಾಂಡ್‌ಗೆ ಸೇನೆ ಕಳಿಸುವುದು ಅಂತ ತೀರ್ಮಾನಿಸಿತು.

ದಾರಿ ಯಾವುದು? ನಾರ್ವೆಯ ನಾರ್ವಿಕ್ ಬಂದರಿನಲ್ಲಿ ಇಳಿದು, ರೈಲು ಹಿಡಿದು, ಸ್ವೀಡನ್ನಿನ ಉತ್ತರ ಭಾಗ ದಾಟಿ ಫಿನ್‌ಲ್ಯಾಂಡ್ ಸೇರುವುದು. ಆ ರೈಲು ಮಾರ್ಗದಲ್ಲಿ ಏನಿದೆ ನೋಡಿ. ಕಿರೂನಾ, ಯೆಲ್ಲಿವಾರೆ. ಜರ್ಮನಿಯ ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಗಣಿಗಳು! ನೆರೆಮನೆಗೆ ಬೆಂಕಿ ಬಿದ್ದಿದೆ, ಆರಿಸೋಕೆ ನಿಮ್ಮ ಹಿತ್ತಲು ದಾಟಿ ಹೋಗ್ತೀವಿ, ಹಾಗೇ ಹೋಗ್ತಾ ನಿಮ್ಮ ಬಾವಿಗೊಂದು ಬೀಗ ಜಡೀತೀವಿ ಅಂದ ಹಾಗೆ.

ಮಾರ್ಚ್ 2ರ ಸುಮಾರಿಗೆ ಎರಡೂ ದೇಶಗಳನ್ನು ದಾರಿ ಕೊಡಿ ಎಂದು ಕೇಳಿದರು. ಎರಡೂ ಆಗಲ್ಲ ಅಂದವು. ಮಾರ್ಚ್ 12ಕ್ಕೆ ಫಿನ್‌ಲ್ಯಾಂಡ್ ಮಾಸ್ಕೋದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಲಿಗೆ ಕಥೆ ನಿಂತಿತು.

ನನ್ನ ವಾದ ಇಷ್ಟೇ. 1941ರಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ ಕೈ ಕುಲುಕಲು ಸಾಧ್ಯವಾಗಿದ್ದು ಲಂಡನ್ನಿನವರ ಜಾಣತನದಿಂದ ಅಲ್ಲ. ಸ್ಟಾಕ್‌ಹೋಮ್ ಮತ್ತು ಓಸ್ಲೋದವರು ಬೇಡ ಅಂದಿದ್ದರಿಂದ. ಅವರು ಹೂಂ ಅಂದಿದ್ದರೆ ಏನಾಗುತ್ತಿತ್ತು? ನಿಮ್ಮ ಅಭಿಪ್ರಾಯ ಹಾಕಿ.

ಮೂರನೇ ಬೆಂಚು

ಸರ್, ಒಂದ್ನಿಮಿಷ. ನಾರ್ವೆ ಮೇಲೆ ದಾಳಿ ಮಾಡಿದ್ದು ಜರ್ಮನಿ ಅಂತ ನಾವು ಓದಿದ್ದು. ಬ್ರಿಟಿಷರೂ ಅಲ್ಲಿಗೇ ಹೊರಟಿದ್ರಾ?

ನಕ್ಷೆಪ್ರಿಯ

ಇಬ್ಬರೂ ಹೊರಟಿದ್ದರು. ಜರ್ಮನಿ ಏಪ್ರಿಲ್ 9ಕ್ಕೆ ದಾಳಿ ಮಾಡಿತು. ಅದರ ಹಿಂದಿನ ದಿನ, ಏಪ್ರಿಲ್ 8ರ ಬೆಳಗ್ಗೆ, ಬ್ರಿಟಿಷ್ ನೌಕಾಪಡೆ ನಾರ್ವೆಯ ಕಡಲೊಳಗೆ ಹಡಗು ತಗುಲಿದರೆ ಸಿಡಿಯುವ ಮೈನ್‌ಗಳನ್ನು ಹಾಸಿತ್ತು. ನಾರ್ವೆ ಸರ್ಕಾರ ಅದಕ್ಕೆ ಪ್ರತಿಭಟನೆ ಬರೆದು ಕಳಿಸುವ ಗಡಿಬಿಡಿಯಲ್ಲಿದ್ದಾಗ ಜರ್ಮನ್ ಹಡಗುಗಳು ಆಗಲೇ ದಾರಿಯಲ್ಲಿದ್ದವು. ಜರ್ಮನಿ ತಿರುಗಿಬಿದ್ದರೆ ಇಳಿಸೋಣ ಅಂತ ಬ್ರಿಟನ್ ತನ್ನ ಸೈನಿಕರನ್ನು ಸ್ಕಾಟ್‌ಲ್ಯಾಂಡಿನ ರೋಸೈತ್‌ನಲ್ಲಿ ಕ್ರೂಸರ್ ಹಡಗುಗಳಿಗೆ ಹತ್ತಿಸಿಯೂ ಇತ್ತು.

ಚರ್ಚಿಲ್ ಆಗ ನೌಕಾ ಸಚಿವ. 1939ರ ಡಿಸೆಂಬರ್‌ನಲ್ಲೇ ಸಂಪುಟಕ್ಕೆ ಟಿಪ್ಪಣಿ ಬರೆದಿದ್ದರು. ನಾವು ಚಿಕ್ಕ ದೇಶಗಳ ಹಕ್ಕಿಗಾಗಿ ಹೋರಾಡುತ್ತಿರುವಾಗ ಆ ಚಿಕ್ಕ ದೇಶಗಳೇ ನಮ್ಮ ಕೈ ಕಟ್ಟಿಹಾಕಬಾರದು ಅನ್ನೋದು ಅದರ ಸಾರ. 1914ರಲ್ಲಿ ಬೆಲ್ಜಿಯಂನ ತಟಸ್ಥತೆ ಮುರಿದರು ಅಂತಲೇ ಜರ್ಮನಿ ಮೇಲೆ ಯುದ್ಧ ಸಾರಿದ ದೇಶದ ಸಚಿವರು ಬರೆದದ್ದು ಇದು.

ಗಣಿಧೂಳು

ನಮ್ಮದು ಸಂಡೂರು ಕಡೆ. ಅದಿರು ಅಂದ್ರೆ ಕಿವಿ ನೆಟ್ಟಗಾಗುತ್ತೆ. ಯುದ್ಧದ ಮಾತು ಆಮೇಲೆ, ಮೊದಲು ಅದಿರಿನ ಲೆಕ್ಕ ನೋಡೋಣ.

ಸ್ವೀಡನ್ನಿನ ಉತ್ತರದ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 60ರ ಆಸುಪಾಸು. ಜರ್ಮನಿಯ ಸ್ವಂತ ಅದಿರಿನಲ್ಲಿ, ಸಾಲ್ಜ್‌ಗಿಟ್ಟರ್ ಕಡೆಯದು, ಅದರ ಅರ್ಧ. ಅರ್ಧ ಅಂಶ ಅಂದರೆ ಬರೀ ಎರಡು ಪಟ್ಟು ಅದಿರು ಅಗೆದರೆ ಸಾಲದು. ಎರಡು ಪಟ್ಟು ಸಾಗಿಸಬೇಕು. ಕುಲುಮೆಗೆ ಕಲ್ಲಿದ್ದಲು ಜಾಸ್ತಿ ಬೇಕು, ಸುಣ್ಣದ ಕಲ್ಲು ಜಾಸ್ತಿ ಬೇಕು, ಕಿಟ್ಟ ರಾಶಿ ಬೀಳುತ್ತೆ. ಅದೇ ಕುಲುಮೆ, ಅದೇ ಜನ, ಆದರೆ ದಿನಕ್ಕೆ ಬರುವ ಕಬ್ಬಿಣ ಕಡಿಮೆ. ಯುದ್ಧದ ಹೊತ್ತಲ್ಲಿ ರೈಲು ವ್ಯಾಗನ್ನೇ ಸಿಗದೆ ಒದ್ದಾಡುವವರಿಗೆ ಇದು ದೊಡ್ಡ ಹೊಡೆತ.

ಯುದ್ಧಕ್ಕೆ ಮುಂಚೆ ಜರ್ಮನಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಅದಿರನ್ನು ಸ್ವೀಡನ್ನಿಂದ ತರಿಸುತ್ತಿತ್ತು. ಯುದ್ಧ ಶುರುವಾದ ಮೇಲೆ ಫ್ರಾನ್ಸಿನ ಅದಿರು, ಸಮುದ್ರದಾಚೆಯ ಅದಿರು ಎರಡೂ ನಿಂತವು. ಉಳಿದ ದೊಡ್ಡ ಮೂಲ ಸ್ವೀಡನ್ ಒಂದೇ. ಹಾಗಾಗಿ ಫಿನ್‌ಲ್ಯಾಂಡ್ ಸಹಾಯ ಅನ್ನೋದು ನೆಪ, ಗಣಿ ಹಿಡಿಯೋದು ಗುರಿ ಅಂತ ನನಗೂ ಅನಿಸುತ್ತೆ.

ಚಳಿಗಾಲ ಯಾಕೆ ಮುಖ್ಯ ಅನ್ನೋದನ್ನ ಯಾರಾದರೂ ಬಿಡಿಸಿ ಹೇಳಿ.

ಉತ್ತರದ ಚಳಿ

ನಾನು ಹೇಳ್ತೀನಿ, ಯಾಕಂದ್ರೆ ಕೆಲಸದ ಮೇಲೆ ಬಂದು ಸ್ವೀಡನ್ನಿನ ಲೂಲಿಯೊ ಊರಲ್ಲೇ ನೆಲೆಸಿದ್ದೇನೆ. ಅದಿರು ಹಡಗಿಗೆ ಹತ್ತುವ ಎರಡು ಬಂದರುಗಳಲ್ಲಿ ಇದೂ ಒಂದು.

ಇಲ್ಲಿ ಕಡಲು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಜನ ಅದರ ಮೇಲೆ ನಡೆಯುತ್ತಾರೆ, ಸ್ಕೇಟಿಂಗ್ ಮಾಡುತ್ತಾರೆ, ಹತ್ತಿರದ ದ್ವೀಪಗಳಿಗೆ ಮಂಜುಗಡ್ಡೆಯ ಮೇಲೇ ಕಾರಲ್ಲಿ ಹೋಗುತ್ತಾರೆ. ಈಗ ಐಸ್ ಒಡೆಯುವ ಹಡಗುಗಳಿವೆ, ಬಂದರು ನಡೆಯುತ್ತೆ. 1940ರಲ್ಲಿ ಅದಿರು ಸಾಗಣೆ ಡಿಸೆಂಬರ್‌ನಿಂದ ಹೆಚ್ಚುಕಡಿಮೆ ಏಪ್ರಿಲ್ ಕೊನೆವರೆಗೆ ಬಂದ್. ನಾರ್ವಿಕ್ ಇನ್ನೂ ಉತ್ತರಕ್ಕಿದೆ. ಆದರೆ ಅಟ್ಲಾಂಟಿಕ್‌ನ ಬಿಸಿ ಪ್ರವಾಹದಿಂದ ಅಲ್ಲಿ ಕಡಲು ಹೆಪ್ಪುಗಟ್ಟಲ್ಲ. ಅದಕ್ಕೇ ಚಳಿಗಾಲದ ಅದಿರಿನ ಬಹುಪಾಲು ರೈಲಲ್ಲಿ ನಾರ್ವಿಕ್‌ಗೆ ಹೋಗಿ, ಅಲ್ಲಿಂದ ಜರ್ಮನ್ ಹಡಗುಗಳಲ್ಲಿ ನಾರ್ವೆಯ ಕರಾವಳಿಗೆ ಅಂಟಿಕೊಂಡು ದಕ್ಷಿಣಕ್ಕೆ ಇಳಿಯುತ್ತಿತ್ತು. ದಡದಿಂದ ಮೂರು ಮೈಲಿ ಒಳಗೆ ಇದ್ದರೆ ಅದು ತಟಸ್ಥ ನೀರು, ಬ್ರಿಟಿಷರು ಮುಟ್ಟುವಂತಿಲ್ಲ.

ಇನ್ನು ನಕ್ಷೆಪ್ರಿಯ ಸರ್ ಹೇಳಿದ ಆ ರೈಲು. ಅದರಲ್ಲಿ ನಾನು ಹೋಗಿದ್ದೇನೆ. ನಾರ್ವಿಕ್‌ನಿಂದ ಸ್ವೀಡನ್ ಗಡಿವರೆಗೆ 43 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಒಂಟಿ ಹಳಿ. ಒಂದು ಕಡೆ ನೆಟ್ಟಗೆ ಎದ್ದ ಬಂಡೆ, ಇನ್ನೊಂದು ಕಡೆ ಕೆಳಗೆ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು. ಸುರಂಗದ ಮೇಲೆ ಸುರಂಗ, ಹಿಮ ಬೀಳದಂತೆ ಹಳಿಗೆ ಮರದ ಮಾಡು. ಮತ್ತೆ ಇಡೀ ಮಾರ್ಗ ಆಗಲೇ ವಿದ್ಯುತ್ತಿನದು. ಸ್ವೀಡನ್ ಕಡೆ 1915ರಲ್ಲೇ ಕರೆಂಟು ಬಂದಿತ್ತು, ನಾರ್ವೆ ಕಡೆ 1923ರಲ್ಲಿ. ಅಂದರೆ ಸ್ವೀಡನ್ನಿನವರು ಒಂದು ಗುಂಡೂ ಹಾರಿಸಬೇಕಿಲ್ಲ. ಸ್ವಿಚ್ ಆರಿಸಿದರೆ ಸಾಕು. ಎರಡು ಸುರಂಗ ಸಿಡಿಸಿದರಂತೂ ಮುಗಿದೇಹೋಯ್ತು. ಹಿಮದಲ್ಲಿ ಕಿರೂನಾವರೆಗೆ ಫಿರಂಗಿ ಎಳೆದುಕೊಂಡು ನಡೆಯೋದು ಯಾರಿಂದ ಸಾಧ್ಯ?

ಚಕ್ರವ್ಯೂಹ

ಇದನ್ನೇ ನಾನು ಹೇಳಬೇಕು ಅಂತಿದ್ದೆ. ನಕ್ಷೆಯವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆದರೆ ಈ ದಂಡಯಾತ್ರೆ ಫಿನ್‌ಲ್ಯಾಂಡ್ ಮುಟ್ಟುತ್ತಲೇ ಇರಲಿಲ್ಲ. ಸೋವಿಯತ್ ಸೈನಿಕನೊಬ್ಬನನ್ನೂ ನೋಡದೆ ವಾಪಸ್ ಬರುತ್ತಿತ್ತು.

ಬ್ರಿಟಿಷರ ತಯಾರಿ ನೋಡಿ. ಹಿಮದಲ್ಲಿ ಹೋರಾಡುವವರು ಬೇಕು ಅಂತ ಸ್ಕಾಟ್ಸ್ ಗಾರ್ಡ್ಸ್‌ನ 5ನೇ ಬೆಟಾಲಿಯನ್ ಅಂತ ಒಂದು ಹುಟ್ಟುಹಾಕಿದರು. ಸ್ಕೀಯಿಂಗ್ ಬಲ್ಲವರು ಸೇರಿ ಅಂತ ಕರೆ ಕೊಟ್ಟರು. ಎಷ್ಟೋ ಅಧಿಕಾರಿಗಳು ತಮ್ಮ ಪದವಿ ಬಿಟ್ಟು ಸಾಮಾನ್ಯ ಸೈನಿಕರಾಗಿ ಬಂದರು. ಅವರನ್ನು ತರಬೇತಿಗೆ ಕಳಿಸಿದ್ದು ಎಲ್ಲಿಗೆ? ಫ್ರಾನ್ಸಿನ ಶಾಮೊನಿಗೆ, ಶ್ರೀಮಂತರು ಚಳಿಗಾಲದ ರಜೆ ಕಳೆಯೋ ಊರಿಗೆ! ಮಾರ್ಚ್‌ನಲ್ಲಿ ಆ ಬೆಟಾಲಿಯನ್ನನ್ನು ವಿಸರ್ಜಿಸಿದರು. ಒಂದು ಗುಂಡೂ ಹಾರಲಿಲ್ಲ.

ಏಪ್ರಿಲ್‌ನಲ್ಲಿ ಜರ್ಮನ್ ದಾಳಿಯಾದ ಮೇಲೆ ಇವರು ನಿಜವಾಗಿಯೂ ನಾರ್ವೆಗೆ ಹೋದರಲ್ಲ, ಆಗ ಏನಾಯ್ತು? ನಾಮ್ಸೋಸ್‌ನಲ್ಲಿ ಇಳಿದ ಫ್ರಾನ್ಸಿನ ಪರ್ವತ ಸೈನಿಕರ ಹತ್ತಿರ ಸ್ಕೀ ಇತ್ತು, ಅದನ್ನು ಕಾಲಿಗೆ ಬಿಗಿಯುವ ಪಟ್ಟಿ ಇರಲಿಲ್ಲ. ಬ್ರಿಟನ್ನಿನ ಟೆರಿಟೋರಿಯಲ್, ಅಂದರೆ ಅರೆಕಾಲಿಕ ಮೀಸಲು ಸೈನಿಕರಿಗೆ ಮೊಣಕಾಲುದ್ದ ಹಿಮದಲ್ಲಿ ನಡೆಯೋದೇ ಬರುತ್ತಿರಲಿಲ್ಲ. ವಿಮಾನ ನಿರೋಧಕ ಫಿರಂಗಿ ಇಲ್ಲ. ಬಹುಪಾಲು ಮರದ ಮನೆಗಳ ನಾಮ್ಸೋಸ್ ಊರನ್ನು ಜರ್ಮನ್ ವಿಮಾನಗಳು ಏಪ್ರಿಲ್ 20ರಂದು ಸುಟ್ಟುಹಾಕಿದವು. ಸ್ಥಳೀಯರು ಜೊತೆಗಿದ್ದಾಗಲೇ ಈ ಪಾಡು. ಸ್ಥಳೀಯರು ಎದುರಿಗೆ ನಿಂತಿದ್ದರೆ?

ಇನ್ನೊಂದು. ಮಾರ್ಚ್ 12ರ ಸಂಜೆ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಮನೆಯಲ್ಲಿ ಸಭೆ. ನಾರ್ವಿಕ್‌ನಲ್ಲಿ ಇಳಿಯಬೇಕಾದ ಜನರಲ್ ಮ್ಯಾಕೆಸಿ ಎದುರಿಗೆ ಕೂತಿದ್ದಾರೆ. ನಾರ್ವೆಯವರು ತಡೆದರೆ ಏನು ಮಾಡ್ತೀರಿ ಅಂತ ಪ್ರಶ್ನೆ. ಗಟ್ಟಿ ವಿರೋಧ ಬಂದರೆ ಮುಂದೆ ಹೋಗಬೇಡಿ, ಗುಂಡು ಹಾರಿಸೋದು ಆತ್ಮರಕ್ಷಣೆಗೆ ಮಾತ್ರ, ಅದೂ ಕಡೇ ಗಳಿಗೆಯಲ್ಲಿ, ಅಂತ ಆದೇಶ. ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್ ಅಂತೂ ತುಂಬ ಜನ ನಾರ್ವೆಯವರನ್ನು ಕೊಂದು ಹೋಗಬೇಕು ಅನ್ನೋದಾದರೆ ಅದಿರಿದ್ದರೂ ಬೇಡ, ಇಲ್ಲದಿದ್ದರೂ ಬೇಡ ಅಂದುಬಿಟ್ಟರು. ಇಂಥ ಮನಸ್ಸಿಟ್ಟುಕೊಂಡು ಯಾವ ಸೇನೆ ಗೆಲ್ಲುತ್ತೆ ಸ್ವಾಮಿ?

ಮೂರನೇ ಬೆಂಚು

ಸ್ಕೀ ಇದೆ, ಪಟ್ಟಿ ಇಲ್ಲ 😂 ನಮ್ಮ ಕಾಲೇಜು ಎನ್‌ಸಿಸಿ ಕ್ಯಾಂಪ್ ವಾಸಿ.

ನಕ್ಷೆಪ್ರಿಯ

ಚಕ್ರವ್ಯೂಹ ಅವರೇ, ನಾರ್ವೆಯ ಕಡೆಯಿಂದ ನೀವು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಸೋವಿಯತ್ ಮೇಲಿನ ಯುದ್ಧ ಉತ್ತರದಿಂದಲೇ ಶುರುವಾಗಬೇಕು ಅಂತ ಏನಿಲ್ಲ. ದಕ್ಷಿಣದ ಬಾಗಿಲೊಂದು ಇತ್ತು. ಬಾಕು, ಕಾಕಸಸ್‌ನ ತೈಲದ ಊರು.

ಆಗ ಸೋವಿಯತ್ತಿನ ತೈಲದ ಬಹುಪಾಲು ಬರುತ್ತಿದ್ದದ್ದು ಕಾಕಸಸ್‌ನಿಂದ. 1940ರ ಫೆಬ್ರುವರಿ 11ಕ್ಕೆ ಜರ್ಮನಿ-ಸೋವಿಯತ್ ವ್ಯಾಪಾರ ಒಪ್ಪಂದ ಆಗಿತ್ತು, ತೈಲ, ಧಾನ್ಯ ಎರಡೂ ಜರ್ಮನಿಗೆ ಹೋಗುತ್ತಿತ್ತು. ಬಾಕುವನ್ನು ಸುಟ್ಟರೆ ಒಂದೇ ಕಲ್ಲಿಗೆ ಇಬ್ಬರೂ ಬೀಳುತ್ತಾರೆ ಅನ್ನೋದು ಪ್ಯಾರಿಸ್ಸಿನ ಲೆಕ್ಕ. ಫ್ರಾನ್ಸಿನವರು ಸಿರಿಯಾದಿಂದ, ಬ್ರಿಟಿಷರು ಇರಾಕ್‌ನಿಂದ ಬಾಂಬರ್ ಹಾರಿಸೋದು ಅಂತ ಯೋಜನೆ. ಇದು ಬರೀ ಕಾಗದದ ಮೇಲಿನದ್ದಲ್ಲ. ಮಾರ್ಚ್ 30ರಂದು ಇರಾಕ್‌ನ ಹಬ್ಬಾನಿಯಾದಿಂದ ನಾಗರಿಕ ಗುರುತು ಹಚ್ಚಿದ ಲಾಕ್‌ಹೀಡ್ ವಿಮಾನವೊಂದು ಹಾರಿ ಬಾಕುವಿನ ಫೋಟೋ ತೆಗೆದು ಬಂತು. ಏಪ್ರಿಲ್ 5ಕ್ಕೆ ಅದೇ ಕಡೆಯ ತೈಲ ಬಂದರು ಬಟೂಮಿಯ ಮೇಲೂ ಹಾರಿತು.

ದಿನಾಂಕ ಗಮನಿಸಿ. ಮಾರ್ಚ್ 30. ಫಿನ್‌ಲ್ಯಾಂಡ್ ಯುದ್ಧ ಮುಗಿದು ಎರಡು ವಾರ ಕಳೆದಿತ್ತು! ನೆಪ ಹೋದ ಮೇಲೂ ಯೋಜನೆ ನಡೆದೇ ಇತ್ತು. ಫಿನ್‌ಲ್ಯಾಂಡನ್ನು ಕೈಬಿಟ್ಟರು ಅಂತಲೇ ಫ್ರಾನ್ಸಿನ ಪ್ರಧಾನಿ ದಲಾದಿಯೆ ಸರ್ಕಾರ ಬಿದ್ದಿತ್ತು. ಅವರ ಜಾಗಕ್ಕೆ ಬಂದ ಪಾಲ್ ರೆನೊಗೆ ಏನಾದರೂ ಮಾಡಿ ತೋರಿಸಬೇಕು ಅನ್ನೋ ಒತ್ತಡ. ಬಾಕು ಯೋಜನೆಯನ್ನು ಕೊನೆಗೆ ನಿಲ್ಲಿಸಿದ್ದು ಮೇ 10ಕ್ಕೆ ಫ್ರಾನ್ಸ್ ಕಡೆ ಶುರುವಾದ ಜರ್ಮನ್ ದಾಳಿ.

ಆಮೇಲೊಂದು ತಮಾಷೆ ಇದೆ. ಜೂನ್‌ನಲ್ಲಿ ಫ್ರಾನ್ಸ್ ಕುಸಿದಾಗ ಲಾ ಶಾರಿತೆ ಅನ್ನೋ ಊರಿನಲ್ಲಿ ನಿಂತಿದ್ದ ರೈಲಿನಲ್ಲಿ ಫ್ರೆಂಚ್ ಸೇನಾ ಕಚೇರಿಯ ಕಡತಗಳು ಜರ್ಮನ್ನರ ಕೈಗೆ ಸಿಕ್ಕವು. ಬಾಕು ಯೋಜನೆಯೂ ಅದರಲ್ಲಿತ್ತು. ಜರ್ಮನಿ ಜುಲೈನಲ್ಲಿ ಎಲ್ಲವನ್ನೂ ಅಚ್ಚು ಹಾಕಿ ಹಂಚಿತು. ಸ್ಟಾಲಿನ್ ಓದಿರಲ್ಲ ಅಂತೀರಾ?

ಹಾಗಾಗಿ ನನ್ನ ಪರ್ಯಾಯ ಇತಿಹಾಸ ಹೀಗೆ ಹೋಗುತ್ತೆ. ಮಾರ್ಚ್ ಎರಡನೇ ವಾರ ಸ್ವೀಡನ್ ದಾರಿ ಬಿಡುತ್ತದೆ. ಫಿನ್‌ಲ್ಯಾಂಡ್ ಧೈರ್ಯ ತಂದುಕೊಂಡು ಸಹಿ ಹಾಕಲ್ಲ. ಎರಡು ಬ್ರಿಗೇಡ್ ಗಣಿಯಲ್ಲೇ ಬೀಡು ಬಿಡುತ್ತದೆ, ಸಣ್ಣ ತುಕಡಿಯೊಂದು ಗಡಿ ದಾಟುತ್ತದೆ. ಅಲ್ಲೊಂದು ಚಕಮಕಿ. ಏಪ್ರಿಲ್‌ನಲ್ಲಿ ಬಾಕು ಮೇಲೆ ಬಾಂಬು. ಸ್ಟಾಲಿನ್ ಹಿಟ್ಲರನ ಪೂರ್ತಿ ಮಿತ್ರನಾಗುತ್ತಾನೆ, ಇಷ್ಟವಿಲ್ಲದಿದ್ದರೂ.

ಚಕ್ರವ್ಯೂಹ

ಸ್ಟಾಲಿನ್ ಬಗ್ಗೆ ನಿಮ್ಮ ಅಂದಾಜು ತಪ್ಪು ಅಂತ ನನ್ನ ಭಾವನೆ. ಆತ ಲೆಕ್ಕಾಚಾರದ ಮನುಷ್ಯ. ಮಾರ್ಚ್‌ನಲ್ಲಿ ಫಿನ್‌ಲ್ಯಾಂಡನ್ನು ಪೂರ್ತಿ ನುಂಗುವ ಅವಕಾಶ ಕಣ್ಣೆದುರಿಗಿತ್ತು. ಫಿನ್ನರ ರಕ್ಷಣಾ ಗೆರೆ ಒಡೆದಾಗಿತ್ತು, ಫಿನ್ನರ ಹತ್ತಿರ ಗುಂಡು ಖಾಲಿಯಾಗುತ್ತಿತ್ತು. ಆದರೂ ನಿಂತ. ಫಿನ್ನಿಶ್ ಕಮ್ಯುನಿಸ್ಟ್ ಕೂಸಿನೆನ್ ನೇತೃತ್ವದಲ್ಲಿ ತಾನೇ ಕಟ್ಟಿದ ಬೊಂಬೆ ಸರ್ಕಾರವನ್ನು ಕಸದ ಬುಟ್ಟಿಗೆ ಹಾಕಿ ಹೆಲ್ಸಿಂಕಿಯ ಜೊತೆಗೇ ಮಾತಿಗೆ ಕೂತ. ಯಾಕೆ? ಬ್ರಿಟನ್-ಫ್ರಾನ್ಸ್ ಜೊತೆ ಯುದ್ಧ ಬೇಡ ಅನ್ನೋದು ಒಂದು ಮುಖ್ಯ ಕಾರಣ. ಬಾಂಬು ಬಿದ್ದರೂ ಆತ ಪ್ರತಿಭಟನೆ ಬರೆದು, ಒಂದಿಷ್ಟು ಜನರನ್ನು ಗುಂಡಿಕ್ಕಿಸಿ, ಹಿಟ್ಲರ್ ಮತ್ತು ಚರ್ಚಿಲ್ ಕಚ್ಚಾಡಿ ಸುಸ್ತಾಗಲಿ ಅಂತ ಕಾಯುತ್ತಿದ್ದ.

ಮತ್ತೆ 1941ರ ಜೂನ್ 22 ಬಂದೇ ಬರುತ್ತಿತ್ತು. ಹಿಟ್ಲರನಿಗೆ ಪೂರ್ವದ ಭೂಮಿ ಬೇಕಿತ್ತು. ಹಿಟ್ಲರ್ ದಾಳಿ ಮಾಡಿದ ದಿನವೇ ಎಲ್ಲ ಹಳೇ ಲೆಕ್ಕ ಅಳಿಸಿಹೋಗುತ್ತಿತ್ತು. ನಿಜದಲ್ಲೂ ಅದೇ ಆಯ್ತಲ್ಲ. ಆ ರಾತ್ರಿಯೇ ಚರ್ಚಿಲ್ ರೇಡಿಯೋದಲ್ಲಿ ರಷ್ಯಾಕ್ಕೆ ಸಹಾಯ ಮಾಡ್ತೀವಿ ಅಂದರು.

ಕಡಲತಡಿ

ನೀವಿಬ್ಬರೂ ಲಂಡನ್, ಮಾಸ್ಕೋ ಅಂತಲೇ ಮಾತಾಡ್ತಿದ್ದೀರಿ ಮಾರಾಯ್ರೆ. ಆ ಬಂದರಿನಲ್ಲಿ ಕಾವಲಿದ್ದವರ ಬಗ್ಗೆ ಯಾರೂ ಹೇಳಲಿಲ್ಲ.

ನಾರ್ವಿಕ್ ಕಾಯಲು ನಾರ್ವೆ ಇಟ್ಟಿದ್ದದ್ದು ಎರಡು ಮುದಿ ಹಡಗುಗಳನ್ನು. ಐಡ್ಸ್‌ವೋಲ್ಡ್ ಮತ್ತು ನೋರ್ಗೆ. 1900ರ ಆಸುಪಾಸಿನಲ್ಲಿ ಕಟ್ಟಿದವು. ಏಪ್ರಿಲ್ 9ರ ಬೆಳಗಿನ ಜಾವ ಹಿಮ ಸುರಿಯುತ್ತಿದೆ. ಜರ್ಮನ್ ಡೆಸ್ಟ್ರಾಯರ್‌ಗಳು ಒಳಗೆ ಬಂದವು. ಒಬ್ಬ ಜರ್ಮನ್ ಅಧಿಕಾರಿ ದೋಣಿಯಲ್ಲಿ ಐಡ್ಸ್‌ವೋಲ್ಡ್‌ಗೆ ಬಂದು ಶರಣಾಗಿ ಅಂದ. ಕಪ್ತಾನ ವಿಲ್ಲೋಕ್ ಆಗಲ್ಲ ಅಂದರು. ಜರ್ಮನ್ ಅಧಿಕಾರಿ ವಾಪಸ್ ಹೊರಟು ಸಂಕೇತ ಕೊಟ್ಟ. ಟಾರ್ಪಿಡೊ ಬಡಿದು ಹಡಗು ಎರಡು ತುಂಡಾಯ್ತು. ಸ್ವಲ್ಪ ಹೊತ್ತಿಗೆ ನೋರ್ಗೆಯೂ ಮುಳುಗಿತು. ಎರಡೂ ಸೇರಿ ಇನ್ನೂರೈವತ್ತಕ್ಕೂ ಹೆಚ್ಚು ನಾವಿಕರು ಆ ತಣ್ಣನೆ ನೀರಿನಲ್ಲಿ ಸತ್ತರು. ಊರೊಳಗಿದ್ದ ಸೇನೆಯ ಕರ್ನಲ್ ಸುಂಡ್ಲೊ ಮಾತ್ರ ಊರನ್ನು ಜರ್ಮನ್ನರಿಗೆ ಒಪ್ಪಿಸಿಬಿಟ್ಟ.

ಈಗ ದಿನಾಂಕ ಬದಲಿಸಿ ಮಾರ್ಚ್ ಮಧ್ಯ ಅಂತ ಇಟ್ಟುಕೊಳ್ಳಿ. ದೋಣಿಯಲ್ಲಿ ಬಂದವನು ಜರ್ಮನ್ ಅಲ್ಲ, ಇಂಗ್ಲಿಷಿನವನು. ಆ ಕಪ್ತಾನ ಏನು ಮಾಡುತ್ತಿದ್ದರು? ನಾರ್ವೆ ಸರ್ಕಾರದೊಳಗೆ ಒಂದು ಮಾತು ಇತ್ತು, ಯುದ್ಧಕ್ಕೆ ಬೀಳಲೇಬೇಕಾದರೆ ತಪ್ಪು ಕಡೆ ಬೀಳಬಾರದು, ಅಂದರೆ ಬ್ರಿಟನ್ ವಿರುದ್ಧ ಬೀಳಬಾರದು ಅಂತ. ವಿದೇಶಾಂಗ ಸಚಿವ ಕೂಟ್ ಅವರ ಧೋರಣೆಯೂ ಅದೇ. ಆದರೆ ಆ ಹಡಗಿನ ಮೇಲಿದ್ದವರಿಗೆ ಅದನ್ನು ಯಾರು ಹೇಳಿದ್ದರು? ಅವರಿಗಿದ್ದ ಕೆಲಸ ಒಳಗೆ ಬರುವವರನ್ನು ತಡೆಯೋದು.

ಫೆಬ್ರುವರಿ 16ರ ಆಲ್ಟ್‌ಮಾರ್ಕ್ ಘಟನೆ ನೆನಪಿಸಿಕೊಳ್ಳಿ. ಬ್ರಿಟಿಷ್ ಕೈದಿಗಳಿದ್ದ ಜರ್ಮನ್ ಹಡಗು ನಾರ್ವೆಯ ಫಿಯೋರ್ಡಿನಲ್ಲಿ ಅಡಗಿತ್ತು. ಬ್ರಿಟನ್ನಿನ ಕೊಸ್ಯಾಕ್ ಹಡಗು ನುಗ್ಗಿ 299 ಜನರನ್ನು ಬಿಡಿಸಿಕೊಂಡು ಹೋಯ್ತು. ಪಕ್ಕದಲ್ಲೇ ಇದ್ದ ನಾರ್ವೆಯ ಪುಟ್ಟ ಹಡಗುಗಳು ಗುಂಡು ಹಾರಿಸಲಿಲ್ಲ. ಬಾಯಲ್ಲಿ ಪ್ರತಿಭಟಿಸಿದರು, ಅಷ್ಟೇ. ಅದನ್ನು ನೋಡಿ ಹಿಟ್ಲರ್ ನಾರ್ವೆ ತನ್ನನ್ನು ತಾನು ಕಾಯಲಾರದು ಅಂತ ತೀರ್ಮಾನಿಸಿದ. ಮಾರ್ಚ್ 1ಕ್ಕೆ ದಾಳಿಯ ಆದೇಶ ಹೊರಟಿತು.

ಮೂರನೇ ಬೆಂಚು

ಹಾಗಾದ್ರೆ ಬ್ರಿಟಿಷರು ಒಳ್ಳೆಯವರು, ಕೊನೆಗೂ ತಟಸ್ಥ ದೇಶಕ್ಕೆ ನುಗ್ಗಲಿಲ್ಲ ಅನ್ನಬಹುದಾ?

ಕಡಲತಡಿ

ಅಯ್ಯೋ ತಮ್ಮಾ, ಐಸ್‌ಲ್ಯಾಂಡಿಗೆ 1940ರ ಮೇ 10ರಂದು ನುಗ್ಗಿದರು. ಕೇಳದೇ. ಇರಾನಿಗೆ 1941ರ ಆಗಸ್ಟ್ 25ಕ್ಕೆ ನುಗ್ಗಿದರು. ಉತ್ತರದಿಂದ ಸೋವಿಯತ್, ದಕ್ಷಿಣದಿಂದ ಬ್ರಿಟಿಷ್. ಇರಾನ್ ತಟಸ್ಥ ಅಂತ ಸಾರಿಕೊಂಡಿತ್ತು. ಇವರಿಗೆ ತೈಲ ಬೇಕಿತ್ತು, ರಷ್ಯಾಕ್ಕೆ ಸಾಮಾನು ಸಾಗಿಸಲು ಇರಾನಿನ ರೈಲು ಬೇಕಿತ್ತು. ಜರ್ಮನ್ನರು ಅಲ್ಲಿ ತುಂಬ ಇದ್ದಾರೆ ಅನ್ನೋದು ನೆಪ.

ಅಲ್ಲಿ ನಡೆದದ್ದು ನಾರ್ವಿಕ್‌ನ ಪಡಿಯಚ್ಚು. ಬೆಳಗಿನ ಜಾವ ಅಬಾದಾನ್‌ನಲ್ಲಿ ಪಲಂಗ್, ಖೋರ್ರಮ್‌ಶಹರ್‌ನಲ್ಲಿ ಬಬ್ರ್ ಅನ್ನೋ ಇರಾನಿ ಹಡಗುಗಳನ್ನು ಕಟ್ಟಿಹಾಕಿದ್ದ ಜಾಗದಲ್ಲೇ ಹೊಡೆದರು. ಇರಾನಿ ನೌಕಾಪಡೆಯ ಮುಖ್ಯಸ್ಥ ಬಾಯಂದೋರ್ ಅದೇ ದಿನ ಸತ್ತರು. ಸುಮಾರು ಮೂರು ವಾರದಲ್ಲಿ ಇರಾನಿನ ದೊರೆ ರೆಜಾ ಶಾ ಗದ್ದುಗೆ ಬಿಡಬೇಕಾಯ್ತು. ಗಡೀಪಾರು ಮೊದಲು ಮಾರಿಷಸ್‌ಗೆ, ಆಮೇಲೆ ಜೊಹಾನ್ಸ್‌ಬರ್ಗ್‌ಗೆ. 1944ರಲ್ಲಿ ಅಲ್ಲೇ ಸತ್ತರು.

ಆ ದಾಳಿಯಲ್ಲಿ ಬ್ರಿಟಿಷ್ ಕಡೆಯಿಂದ ನೆಲದ ಮೇಲೆ ಹೋದವರು ಯಾರು ಗೊತ್ತಾ? ಹೆಚ್ಚಿನವರು ಭಾರತೀಯ ಸೈನಿಕರು. 8ನೇ ಮತ್ತು 10ನೇ ಇಂಡಿಯನ್ ಡಿವಿಜನ್. 10ನೇ ಡಿವಿಜನ್ನಿನ ನಾಯಕ ಸ್ಲಿಮ್, ಆಮೇಲೆ ಬರ್ಮಾದಲ್ಲಿ ಹೆಸರು ಮಾಡಿದವರು.

ಒಂದು ಬೇಗ ಹೊಡೆದು ಗೆದ್ದ ದಾಳಿ, ಅದಕ್ಕೆ ಜನ ಮರೆತರು. ನಾರ್ವಿಕ್ ಹಿಡಿಯೋಕೆ ಹೋಗಿ ಎಡವಿದ್ದರೆ ಇವತ್ತಿಗೂ ಬೈಸಿಕೊಳ್ಳುತ್ತಿದ್ದರು.

ಬಿಸಿರಕ್ತ

ಇಷ್ಟೆಲ್ಲಾ ಯಾಕೆ, ತಟಸ್ಥ ಅಂದ್ರೆ ಹೇಡಿ ಅಂತ ಅಷ್ಟೇ. ಈಗಿನ ಕಾಲದ ದೇಶಗಳ ಉದಾಹರಣೆ ಕೊಡ್ಲಾ?

ನಿರ್ವಾಹಕರು

ಬೇಡ. ಈ ಎಳೆಯಲ್ಲಿ 1939ರಿಂದ 45ರವರೆಗೆ ಮಾತ್ರ. ಇವತ್ತಿನ ರಾಜಕೀಯಕ್ಕೆ ಬೇರೆ ಎಳೆ ತೆರೆಯಿರಿ.

ಉತ್ತರದ ಚಳಿ

ಹೇಡಿ ಅನ್ನೋ ಮಾತಿಗೆ ಉತ್ತರ ಕೊಡದೆ ಬಿಡೋಕೆ ಆಗ್ತಿಲ್ಲ, ನಿರ್ವಾಹಕರ ಗೆರೆಯೊಳಗೇ ಹೇಳ್ತೀನಿ.

ಸ್ವೀಡನ್ ಫಿನ್‌ಲ್ಯಾಂಡನ್ನು ಕೈಬಿಟ್ಟಿರಲಿಲ್ಲ. ಸುಮಾರು 8,000 ಸ್ವೀಡನ್ ಸ್ವಯಂಸೇವಕರು ಅಲ್ಲಿಗೆ ಹೋದರು. ರೈಫಲ್, ಫಿರಂಗಿ, ವಿಮಾನ ಎಲ್ಲಾ ಹೋಯ್ತು. ಆದರೆ ಸರ್ಕಾರದ ಸೇನೆ ಕಳಿಸಲ್ಲ ಅಂತ ಪ್ರಧಾನಿ ಹಾನ್ಸನ್ ಹೇಳಿದರು. ಊರಲ್ಲಿ ಗಲಾಟೆ ಎದ್ದಾಗ ಫೆಬ್ರುವರಿ 19ಕ್ಕೆ ದೊರೆ ಐದನೇ ಗುಸ್ತಾವ್ ತಾವೇ ಹೇಳಿಕೆ ಕೊಟ್ಟು ಸರ್ಕಾರದ ಬೆನ್ನಿಗೆ ನಿಂತರು. ಅವರ ಲೆಕ್ಕ ಸರಳ. ಬ್ರಿಟಿಷರಿಗೆ ದಾರಿ ಬಿಟ್ಟರೆ ಮಾರನೇ ದಿನ ಜರ್ಮನಿ ಬರುತ್ತೆ. ಆಗ ಯುದ್ಧ ನಡೆಯೋದು ಸ್ವೀಡನ್ ನೆಲದಲ್ಲಿ. ಇಲ್ಲಿಂದ ಸ್ವಲ್ಪ ದೂರದಲ್ಲಿ ಬೂಡೆನ್ ಅಂತ ಬಂಡೆ ಕೊರೆದು ಕಟ್ಟಿದ ಕೋಟೆಯಿದೆ. ರಷ್ಯಾದವರು ಬಂದರೆ ಅಂತ ಕಟ್ಟಿದ್ದು. ಪಶ್ಚಿಮದಿಂದ ಬ್ರಿಟಿಷರು ಬರುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ.

ಹಾಗಂತ ಇವರನ್ನು ಹೊಗಳೋಕೂ ಆಗಲ್ಲ. ಮಾರ್ಚ್‌ನಲ್ಲಿ ಬ್ರಿಟಿಷರಿಗೆ ಆಗಲ್ಲ ಅಂದವರು ಅದೇ ವರ್ಷದ ಜುಲೈನಿಂದ ನಾರ್ವೆಯಲ್ಲಿದ್ದ ಜರ್ಮನ್ ಸೈನಿಕರಿಗೆ ರಜೆಗೆ ಹೋಗಿಬರಲು ತಮ್ಮ ರೈಲು ಕೊಟ್ಟರು. 1943ರವರೆಗೆ. 1941ರ ಜೂನ್‌ನಲ್ಲಂತೂ ಒಂದು ಇಡೀ ಜರ್ಮನ್ ಡಿವಿಜನ್, 163ನೆಯದು, ನಾರ್ವೆಯಿಂದ ಸ್ವೀಡನ್ ಹಳಿಯ ಮೇಲೆ ಫಿನ್‌ಲ್ಯಾಂಡ್ ಸೇರಿತು. ರಷ್ಯಾ ಮೇಲೆ ಹೋರಾಡೋಕೆ. ಇಲ್ಲಿಯ ಹಿರಿಯರ ಹತ್ತಿರ ಈ ವಿಷಯ ಎತ್ತಿದರೆ ಮಾತು ಸಣ್ಣಗಾಗುತ್ತೆ.

ಅಂದ ಹಾಗೆ ಗಣಿಧೂಳು ಅವರೇ, ಆ ಕಿರೂನಾ ಗಣಿ ಈಗಲೂ ಜೋರಾಗಿದೆ. ಕೆಳಗೆ ಅಗೆದು ಅಗೆದು ಮೇಲಿನ ಊರೇ ಕುಸಿಯುವಂತಾಗಿ, ಊರನ್ನೇ ಸ್ಥಳಾಂತರಿಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಮರದ ಚರ್ಚನ್ನು ಇಡಿಯಾಗಿ ಎತ್ತಿ ಟ್ರೇಲರ್ ಮೇಲೆ ಸುಮಾರು 5 ಕಿಲೋಮೀಟರ್ ಸಾಗಿಸಿದರು.

ಗಣಿಧೂಳು

ಚರ್ಚ್ ಹೋಗೋ ವಿಡಿಯೋ ನೋಡಿದೆ ಮೇಡಂ! ನಮ್ಮ ಕಡೆ ಗಣಿಗೆ ಅಡ್ಡ ಬಂದ ಗುಡಿಗಳ ಕಥೆ ಬೇರೆ, ಅದು ಇಲ್ಲಿ ಬೇಡ.

ಒಂದು ಲೆಕ್ಕದ ಪ್ರಶ್ನೆ. ಗಣಿ ಹಿಡಿದಿದ್ದರೂ ಜರ್ಮನಿ ನಿಂತುಹೋಗುತ್ತಿತ್ತಾ? ನನಗೆ ಅನುಮಾನ. ಮೇ-ಜೂನ್‌ನಲ್ಲಿ ಫ್ರಾನ್ಸ್ ಬಿದ್ದ ಮೇಲೆ ಲೊರೇನ್‌ನ ಅದಿರು ಪೂರ್ತಿ ಜರ್ಮನಿ ಕೈಗೆ ಬಂತು. ಅಂಶ ಕಡಿಮೆ, ಆದರೆ ರಾಶಿ ರಾಶಿ, ಮತ್ತೆ ಕುಲುಮೆಗಳ ಪಕ್ಕದಲ್ಲೇ. ಅಂದರೆ ಬ್ರಿಟಿಷರ ಇಡೀ ಯೋಜನೆ ಫ್ರಾನ್ಸ್ ಬೀಳಲ್ಲ ಅನ್ನೋ ನಂಬಿಕೆ ಮೇಲೆ ನಿಂತಿತ್ತು. ಕೈಯಲ್ಲಿ ದಾಸ್ತಾನು ಇಟ್ಟುಕೊಂಡ ಉಕ್ಕಿನ ಕಾರ್ಖಾನೆಯನ್ನು ಕೆಲವು ವಾರ ಅದಿರು ತಡೆದು ಮುಚ್ಚಿಸೋಕೆ ಆಗಲ್ಲ.

ಹಳೇಕಡತ

ತಡವಾಗಿ ಬಂದೆ. ಭಾರತದ ಕಡೆಯಿಂದ ಯಾರೂ ನೋಡಿಲ್ಲ ಅನಿಸಿ ಬರೀತಿದ್ದೇನೆ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ನಮ್ಮವರನ್ನು ಒಂದು ಮಾತೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಸಾರಿದರು. ಅದಕ್ಕೇ ಆ ವರ್ಷದ ಕೊನೆಯೊಳಗೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಬ್ರಿಟನ್ ಸೋವಿಯತ್ ಮೇಲೂ ಯುದ್ಧ ಸಾರಿದ್ದರೆ ಭಾರತ ಅದರಲ್ಲೂ ತಾನಾಗಿಯೇ ಸೇರಿಬಿಡುತ್ತಿತ್ತು, ಮತ್ತೆ ಯಾರನ್ನೂ ಕೇಳದೆ. ರಷ್ಯಾ ಅಫ್ಘಾನಿಸ್ತಾನದ ಮೂಲಕ ಬರಬಹುದು ಅನ್ನೋ ಹಳೇ ಭಯ ದೆಹಲಿಯ ಸೇನಾ ಕಚೇರಿಗೆ ಆಗ ಮತ್ತೆ ಹಿಡಿದಿತ್ತು, ಅದಕ್ಕೆ ಯೋಜನೆಗಳೂ ಆಗಿದ್ದವು. ಆಗ ನಮ್ಮ ಡಿವಿಜನ್‌ಗಳು ಆಫ್ರಿಕಾ, ಮಲಯಾಕ್ಕೆ ಹೋಗುವ ಬದಲು ಖೈಬರ್ ಕಡೆ ಕೂರಬೇಕಾಗುತ್ತಿತ್ತು.

ಸುಭಾಷ್ ಬೋಸ್ ವಿಷಯ ಇನ್ನೂ ಕುತೂಹಲದ್ದು. 1941ರ ಜನವರಿಯಲ್ಲಿ ಕಲ್ಕತ್ತಾದಿಂದ ತಪ್ಪಿಸಿಕೊಂಡು ಕಾಬೂಲ್ ಸೇರಿದರು. ಅವರಿಗೆ ಮೊದಲು ಬೇಕಿದ್ದದ್ದು ಸೋವಿಯತ್ ಸಹಾಯ. ಕಾಬೂಲಿನ ಸೋವಿಯತ್ ಕಚೇರಿಯವರು ಮುಖ ಕೊಡಲಿಲ್ಲ. ಕೊನೆಗೆ ಒರ್ಲಾಂಡೊ ಮಜೋಟಾ ಅನ್ನೋ ಇಟಾಲಿಯನ್ ಹೆಸರಿನ ಪಾಸ್‌ಪೋರ್ಟಿನಲ್ಲಿ ಮಾಸ್ಕೋ ಮೂಲಕ ಬರ್ಲಿನ್‌ಗೆ ಹೋದರು. ಬ್ರಿಟನ್-ಸೋವಿಯತ್ ಯುದ್ಧ ನಡೆಯುತ್ತಿದ್ದರೆ ಕಾಬೂಲಿನಲ್ಲಿ ಅವರಿಗೆ ಬಾಗಿಲು ತೆರೆಯುತ್ತಿತ್ತು. ಬಹುಶಃ ಮಾಸ್ಕೋದಲ್ಲೇ ಉಳಿಯುತ್ತಿದ್ದರು.

ಕಮ್ಯುನಿಸ್ಟ್ ಪಕ್ಷದ ಕಥೆಯೂ ಹಾಗೇ. 1941ರ ಜೂನ್‌ವರೆಗೆ ಇದು ಸಾಮ್ರಾಜ್ಯಶಾಹಿ ಯುದ್ಧ ಅಂದವರು, ರಷ್ಯಾ ಮೇಲೆ ದಾಳಿಯಾದ ಮೇಲೆ ಕೆಲವೇ ತಿಂಗಳಲ್ಲಿ ಜನತಾ ಯುದ್ಧ ಅಂದರು. 1942ರ ಜುಲೈನಲ್ಲಿ ಬ್ರಿಟಿಷರು ಅವರ ಮೇಲಿನ ನಿಷೇಧ ತೆಗೆದರು. ಮುಂದಿನ ತಿಂಗಳೇ ಕ್ವಿಟ್ ಇಂಡಿಯಾ, ಪಕ್ಷ ಅದರಿಂದ ದೂರ ನಿಂತಿತು. ನಕ್ಷೆಪ್ರಿಯರ ಇತಿಹಾಸದಲ್ಲಿ ಆ ತಿರುವೇ ಇರುವುದಿಲ್ಲ. ಆಗಸ್ಟ್ 1942ರಲ್ಲಿ ಕಾಂಗ್ರೆಸ್, ಕಮ್ಯುನಿಸ್ಟ್ ಇಬ್ಬರೂ ಒಂದೇ ಕಡೆ ಬೀದಿಗಿಳಿದಿದ್ದರೆ?

ಮೂರನೇ ಬೆಂಚು

ಇದಕ್ಕೇ ಬೇರೆ ಎಳೆ ಬೇಕು ಸರ್. ಪ್ಲೀಸ್ ಬರೀರಿ.

ಚಕ್ರವ್ಯೂಹ

ಹಳೇಕಡತ ಸರ್ ಬರೆದದ್ದು ಚೆನ್ನಾಗಿದೆ. ಆದರೆ ಅದೆಲ್ಲ ಬ್ರಿಟನ್-ಸೋವಿಯತ್ ಯುದ್ಧ 1941ರ ಜೂನ್‌ ದಾಟಿ ನಡೆಯುತ್ತೆ ಅನ್ನೋದರ ಮೇಲೆ ನಿಂತಿದೆ. ಅದು ನಡೆಯಲ್ಲ ಅನ್ನೋದೇ ನನ್ನ ಪಟ್ಟು. ನನ್ನ ಪ್ರಕಾರ ಬದಲಾಗುವುದು ಬೇರೆ. ಮಾರ್ಚ್‌ನಲ್ಲಿ ಬ್ರಿಟಿಷರು ನಾರ್ವಿಕ್‌ನಲ್ಲಿ ಇಳಿದಿದ್ದರೆ ಜರ್ಮನಿ ಆತುರಾತುರವಾಗಿ ಏಪ್ರಿಲ್‌ಗೂ ಮುಂಚೆ ನಾರ್ವೆ, ಡೆನ್ಮಾರ್ಕ್ ಮೇಲೆ ಬೀಳುತ್ತಿತ್ತು. ಎದುರಿಗೆ ಎಚ್ಚೆತ್ತ ಬ್ರಿಟಿಷ್ ನೌಕಾಪಡೆ. ನಿಜದಲ್ಲೇ ಜರ್ಮನಿ ನಾರ್ವಿಕ್‌ನಲ್ಲಿ 10 ಡೆಸ್ಟ್ರಾಯರ್ ಕಳೆದುಕೊಂಡಿತು, ಓಸ್ಲೋ ಬಾಯಲ್ಲಿ ಬ್ಲೂಚರ್ ಅನ್ನೋ ಕ್ರೂಸರ್ ಮುಳುಗಿತು. ಇನ್ನೂ ಜಾಸ್ತಿ ಹೋಗಿರುತ್ತಿತ್ತು. ಮುಖ್ಯವಾಗಿ, ನಾರ್ವೆ ಸೋಲಿನ ಚರ್ಚೆಯಿಂದಲೇ ಮೇ ತಿಂಗಳಲ್ಲಿ ಚೇಂಬರ್ಲೇನ್ ಇಳಿದು ಚರ್ಚಿಲ್ ಬಂದದ್ದು. ಸ್ವೀಡನ್ ಜೊತೆ ತಗಾದೆ ತೆಗೆದು ಮಾರ್ಚ್‌ನಲ್ಲೇ ಹೆಸರು ಕೆಡಿಸಿಕೊಂಡಿದ್ದರೆ ಮೊದಲು ಹೋಗುತ್ತಿದ್ದ ತಲೆ ಯಾರದ್ದು? ನೌಕಾ ಸಚಿವರದ್ದು. ಆಗ ಮೇ 10ಕ್ಕೆ ಹ್ಯಾಲಿಫ್ಯಾಕ್ಸ್ ಪ್ರಧಾನಿ. ಫ್ರಾನ್ಸ್ ಬಿದ್ದಾಗ ಸಂಧಾನಕ್ಕೆ ಕಿವಿ ಕೊಡಬಹುದಾಗಿದ್ದ ಮನುಷ್ಯ.

ನಕ್ಷೆಪ್ರಿಯ

ಇದು ನಾನು ಯೋಚಿಸದ ಕೋನ. ಹ್ಯಾಲಿಫ್ಯಾಕ್ಸ್ ಬಂದಿದ್ದರೆ ನಿಮ್ಮ 1941ರ ಜೂನ್ 22ಕ್ಕೆ ರೇಡಿಯೋದಲ್ಲಿ ಮಾತಾಡುವವರು ಯಾರು ಹೇಳಿ? ನನ್ನ ಮೈತ್ರಿ ಮುರಿಯೋಕೆ ನೀವೇ ಇನ್ನೊಂದು ದಾರಿ ತೋರಿಸಿದ್ದೀರಿ.

ಕೊನೆಗೆ ಫಿನ್‌ಲ್ಯಾಂಡಿನ ವಿಷಯ, ಇಡೀ ಎಳೆಯಲ್ಲಿ ಅದನ್ನೇ ಮರೆತಿದ್ದೇವೆ. ಆ ಚಳಿಗಾಲದಲ್ಲಿ ಸುಮಾರು 25,000 ಫಿನ್ನರು ಸತ್ತರು. ಒಪ್ಪಂದದಲ್ಲಿ ಬಿಟ್ಟುಕೊಟ್ಟ ಕರೇಲಿಯಾದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಬಂದರು. ಅದನ್ನು ವಾಪಸ್ ಪಡೆಯಲು 1941ರಲ್ಲಿ ಫಿನ್‌ಲ್ಯಾಂಡ್ ಜರ್ಮನಿ ಪಕ್ಕ ನಿಂತು ಸೋವಿಯತ್ ಮೇಲೆ ಹೋಯ್ತು. ಜುಲೈ 30ಕ್ಕೆ ಬ್ರಿಟಿಷ್ ವಿಮಾನಗಳು ಫಿನ್‌ಲ್ಯಾಂಡಿನ ಪೆಟ್ಸಾಮೊ ಬಂದರಿಗೆ ಬಾಂಬು ಹಾಕಿದವು. ಡಿಸೆಂಬರ್ 6ಕ್ಕೆ, ಸ್ಟಾಲಿನ್ ಒತ್ತಾಯಕ್ಕೆ ಮಣಿದು, ಬ್ರಿಟನ್ ಫಿನ್‌ಲ್ಯಾಂಡ್ ಮೇಲೆ ಯುದ್ಧ ಸಾರಿತು. ಆ ದಿನ ಫಿನ್‌ಲ್ಯಾಂಡಿನ ಸ್ವಾತಂತ್ರ್ಯ ದಿನ.

ಹಳೇಕಡತ ಸರ್, 1942ರ ಎಳೆ ನೀವೇ ತೆರೆಯಿರಿ. ಬೋಸ್ ಮಾಸ್ಕೋದಲ್ಲಿ ಉಳಿದರು ಅಂತ ಇಟ್ಟುಕೊಂಡೇ ಶುರು ಮಾಡಿ, ಚಕ್ರವ್ಯೂಹ ಅವರು ಅಲ್ಲಿಗೂ ಬಂದು ತಕರಾರು ತೆಗೀತಾರೆ.

ಚಕ್ರವ್ಯೂಹ

ತೆಗೀತೀನಿ. ಮಜೋಟಾ ಪಾಸ್‌ಪೋರ್ಟ್ ಇಟಲಿಯದ್ದು. ಇಟಲಿ ಯುದ್ಧಕ್ಕೆ ಬಂದದ್ದು 1940ರ ಜೂನ್ 10ಕ್ಕೆ, ಫ್ರಾನ್ಸ್ ಬೀಳ್ತಿದೆ ಅಂತ ಖಾತ್ರಿಯಾದ ಮೇಲೆ. ನಿಮ್ಮ ಇತಿಹಾಸದಲ್ಲಿ ಫ್ರಾನ್ಸ್ ಬೀಳುತ್ತೋ ಇಲ್ವೋ, ಅದನ್ನ ಮೊದಲು ತೀರ್ಮಾನ ಮಾಡಿ.